ಚರ್ಚ್ ವೆಬ್‌ಸೈಟ್: ಯಾವ ವಿಷಯಕ್ಕೆ ಯಾವ ತರದ ಪುಟ?

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ನಿಮಗೆ ಗೊತ್ತೇ ಇರುತ್ತದೆ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಹಳೇ ಗೋಡೆಗಳು. ಅದರ ಬಗ್ಗೆ ಒಂದು ವೆಬ್‌ಸೈಟ್ ಮಾಡಬೇಕು ಅಂತ ಇಟ್ಟುಕೊಳ್ಳಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಅದನ್ನು ಕಟ್ಟಿಸಿದ್ದು, ಆಮೇಲೆ ಗೊರೂರಿನಲ್ಲಿ ಅಣೆಕಟ್ಟು ಬಂದು ಊರು ಎದ್ದು ಹೋಗಿದ್ದು, ಇದೆಲ್ಲ ಇನ್ನು ನೂರು ವರ್ಷ ಕಳೆದರೂ ಬದಲಾಗುವುದಿಲ್ಲ. ಆದರೆ ನೋಡಲು ಹೊರಟವರು ಕೇಳುವುದು ಅದನ್ನಲ್ಲ. ಈಗ ನೀರು ಎಷ್ಟಿದೆ, ಒಳಗೆ ನಡೆದು ಹೋಗಬಹುದಾ ಅಂತ ಕೇಳುತ್ತಾರೆ. ಅದಕ್ಕೆ ಮಾರ್ಚಿನಲ್ಲಿ ಒಂದು ಉತ್ತರ, ಆಗಸ್ಟಿನಲ್ಲಿ ಇನ್ನೊಂದು. ಎರಡನ್ನೂ ಒಂದೇ ಪುಟಕ್ಕೆ ತುರುಕಿದರೆ ನೀರಿನ ಸುದ್ದಿ ಹಳೆಯದಾದ ದಿನ ಇಡೀ ಪುಟವೇ ಸುಳ್ಳಿನ ಹಾಗೆ ಕಾಣುತ್ತದೆ.

ಚರ್ಚ್ ವೆಬ್‌ಸೈಟುಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ಬಣ್ಣ, ಡಿಸೈನ್ ಎಲ್ಲ ಆಮೇಲಿನ ಮಾತು.

ನಾನು ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಒಂದು ಸಣ್ಣ ಧರ್ಮಕೇಂದ್ರದ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಸಂಬಳ ಇಲ್ಲ, ಬೈಗುಳ ಇದೆ. ಒಂದು ಡಿಸೆಂಬರಿನಲ್ಲಿ ಕ್ರಿಸ್ಮಸ್ ವಾರದ ಪೂಜೆಯ ಸಮಯವನ್ನು ಮಾಮೂಲಿ ಸಮಯದ ಪುಟದಲ್ಲೇ ತಿದ್ದಿ ಹಾಕಿದೆ, ವಾಪಸ್ ತಿದ್ದುವುದನ್ನು ಮರೆತೆ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಂದು ಹೋದರೂ ನಮ್ಮ ಪುಟ ಕ್ರಿಸ್ಮಸ್‌ನಲ್ಲೇ ನಿಂತಿತ್ತು. ಏಪ್ರಿಲ್‌ನ ಒಂದು ಭಾನುವಾರ ಬೆಂಗಳೂರಿನ ಒಂದು ಕುಟುಂಬ ಒಂಬತ್ತು ಗಂಟೆಗೆ ಸರಿಯಾಗಿ ಬಂದು ನಿಂತಿತು, ಏಳೂವರೆಯ ಪೂಜೆ ಮುಗಿದು ಬಾಗಿಲು ಹಾಕುವ ಹೊತ್ತು. ಅವರ ಜೊತೆಯಲ್ಲಿದ್ದ ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ಮೊಮ್ಮಗನ ಫೋನ್ ತೆಗೆದುಕೊಂಡು ನಮ್ಮ ಪುಟವನ್ನು ನನಗೇ ತೋರಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಆವತ್ತಿನಿಂದ ಹೊಸ ಪುಟ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಎಷ್ಟು ದಿನಕ್ಕೆ ಹಳೆಯದಾಗುತ್ತದೆ? ಹಳೆಯದಾದಾಗ ತಿದ್ದುವವರು ಯಾರು? ಉತ್ತರ ಸಿಕ್ಕರೆ ಪುಟದ ತರ ತಾನಾಗಿ ಗೊತ್ತಾಗುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆ ಇಟ್ಟುಕೊಂಡೇ. ನಮ್ಮದು ಕಥೋಲಿಕ ಚರ್ಚ್, ಹಾಗಾಗಿ ಪೂಜೆ ಅಂತ ಬರೆದಿದ್ದೇನೆ. ಸಿಎಸ್‌ಐನಂಥ ಪ್ರೊಟೆಸ್ಟಂಟ್ ಚರ್ಚಿನವರು ಅದನ್ನು ಆರಾಧನೆ ಅಂತ ಓದಿಕೊಂಡರೆ ಆಯಿತು, ಲೆಕ್ಕ ಒಂದೇ.

ಎಲ್ಲಿ ಕಟ್ಟುವುದು

ಇದನ್ನು ಬೇಗ ಮುಗಿಸುತ್ತೇನೆ. ದುಡ್ಡಿಲ್ಲದೆ ಆಗಬೇಕು, ನೋಡಿಕೊಳ್ಳುವವರು ಒಬ್ಬರೇ, ವಾರಕ್ಕೊಂದು ಸುದ್ದಿ ಹಾಕುವ ಉತ್ಸಾಹವೂ ಇಲ್ಲ ಅಂದರೆ ಗೂಗಲ್ ಸೈಟ್ಸ್ ಸಾಕು. ಜಿಮೇಲ್ ಖಾತೆ ಇದ್ದರೆ ಅರ್ಧ ದಿನದ ಕೆಲಸ. ಆದರೆ ಅದರಲ್ಲಿ ಇರುವುದು ಪುಟಗಳು ಮಾತ್ರ. ತಾರೀಕಿನ ಪ್ರಕಾರ ಹೊಸದು ಮೇಲೆ ಹಳೆಯದು ಕೆಳಗೆ ಅಂತ ತಾನೇ ಜೋಡಿಸಿಕೊಳ್ಳುವ ಪೋಸ್ಟ್ ಅನ್ನುವ ವ್ಯವಸ್ಥೆ ಅದರಲ್ಲಿ ಇಲ್ಲ. ಬ್ಲಾಗರ್ ಕೂಡ ಉಚಿತ, ಅದರಲ್ಲಿ ಪುಟ ಮತ್ತು ಪೋಸ್ಟ್ ಎರಡೂ ಇವೆ, ಆದರೆ ನೋಡಲು ಹಳೇ ಕಾಲದ್ದು ಅನ್ನಿಸುತ್ತದೆ. ಪ್ರತಿವಾರ ಪ್ರಕಟಣೆ ಹಾಕುವವರು, ಮೂರು ನಾಲ್ಕು ಜನ ಸೇರಿ ನೋಡಿಕೊಳ್ಳುವವರು ವರ್ಡ್‌ಪ್ರೆಸ್‌ಗೆ ಹೋಗಿ. ಹೋಸ್ಟಿಂಗಿಗೆ (ಸೈಟ್ ಇಡುವ ಜಾಗಕ್ಕೆ), ಡೊಮೇನ್ ಹೆಸರಿಗೆ (ಸೈಟಿನ ವಿಳಾಸಕ್ಕೆ) ವರ್ಷವರ್ಷ ದುಡ್ಡು ಕಟ್ಟಬೇಕು, ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು, ಅಷ್ಟೇ ಅದರ ಕಿರಿಕಿರಿ.

ಒಂದು ಮಾತು ಮಾತ್ರ ನೆನಪಿಡಿ. ಡೊಮೇನನ್ನು ಚರ್ಚಿನ ಹೆಸರಿನ ಇಮೇಲಿನಲ್ಲೇ ನೋಂದಾಯಿಸಿ. ನಮ್ಮ ಮೊದಲ ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಸ್ವಂತ ಇಮೇಲಿನಲ್ಲಿ ತೆಗೆದುಕೊಂಡಿದ್ದರು. ಎರಡನೇ ವರ್ಷ ರಿನ್ಯೂ ಮಾಡುವ ಹೊತ್ತಿಗೆ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಹೆಸರು ಹೋಯಿತು, ಹೊಸ ಹೆಸರಿನಲ್ಲಿ ಮೊದಲಿಂದ ಶುರು ಮಾಡಿದೆವು.

ಪುಟವಾ, ಪೋಸ್ಟಾ?

ವರ್ಡ್‌ಪ್ರೆಸ್‌ನಲ್ಲಿ ಎಡಗಡೆ ಪೋಸ್ಟ್ಸ್, ಪೇಜಸ್ ಅಂತ ಎರಡು ಕಾಣುತ್ತವೆ. ಬರೆಯುವ ಜಾಗ ಎರಡರಲ್ಲೂ ಒಂದೇ ತರ ಇರುವುದರಿಂದ ಹೊಸಬರು ಸಿಕ್ಕಿದ್ದರಲ್ಲಿ ಬರೆದುಬಿಡುತ್ತಾರೆ. ಮೂರು ತಿಂಗಳ ನಂತರ ಮೆನುವಿನಲ್ಲಿ ಇಪ್ಪತ್ತೈದು ಹೆಸರು ನೇತಾಡುತ್ತಿರುತ್ತವೆ.

ಪೋಸ್ಟಿಗೆ ತಾರೀಕು ಇರುತ್ತದೆ, ವಿಭಾಗ ಇರುತ್ತದೆ, ಹೊಸದು ಬಂದ ಹಾಗೆ ಹಳೆಯದು ಕೆಳಗೆ ಹೋಗುತ್ತದೆ. ಯಾರೂ ಅಳಿಸಬೇಕಾಗಿಲ್ಲ, ತಾರೀಕು ನೋಡಿದವರಿಗೆ ಇದು ಹೋದ ವರ್ಷದ್ದು ಅಂತ ಗೊತ್ತಾಗುತ್ತದೆ. ಪುಟಕ್ಕೆ ಈ ಅನುಕೂಲ ಇಲ್ಲ. ಅದು ಇಟ್ಟಲ್ಲೇ ಇರುತ್ತದೆ, ಇವತ್ತಿನ ಮಾತು ಅನ್ನುವ ಹಾಗೆಯೇ ಯಾವಾಗಲೂ ಕಾಣುತ್ತದೆ. ಹಾಗಾಗಿ ಶೆಟ್ಟಿಹಳ್ಳಿಯ ಇತಿಹಾಸ ಪುಟಕ್ಕೆ, ಶೆಟ್ಟಿಹಳ್ಳಿಯ ನೀರು ಪೋಸ್ಟಿಗೆ. ಚರ್ಚಿನ ವಿಳಾಸ, ಮ್ಯಾಪ್, ದೀಕ್ಷಾಸ್ನಾನಕ್ಕೆ ಏನೇನು ಬೇಕು, ಮದುವೆಗೆ ಎಷ್ಟು ದಿನ ಮುಂಚೆ ಬರಬೇಕು, ಇವು ಪುಟ. ಮದುವೆ ಪ್ರಕಟಣೆ, ಸಾವಿನ ಸುದ್ದಿ, ವೈದ್ಯಕೀಯ ಶಿಬಿರ, ಯುವಕರ ಕ್ರಿಕೆಟ್ ಪಂದ್ಯ, ಇವು ಪೋಸ್ಟ್.

ಜನ ಗಮನಿಸದ ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ಮುಖ್ಯ. ವರ್ಡ್‌ಪ್ರೆಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದರ್ಜೆಯ ಲಾಗಿನ್ ಕೊಡಬಹುದು. ಆಥರ್ ಅನ್ನುವ ದರ್ಜೆಯವರು ತಮ್ಮ ಪೋಸ್ಟುಗಳನ್ನು ಬರೆದು ಪ್ರಕಟಿಸಬಹುದು, ಪುಟಗಳನ್ನು ಮುಟ್ಟಲು ಆಗುವುದಿಲ್ಲ. ಎಡಿಟರ್ ಅನ್ನುವವರು ಪುಟಗಳನ್ನೂ ತಿದ್ದಬಹುದು. ಅಂದರೆ ಯುವಕರ ಸಂಘದ ಹುಡುಗ ಹುಡುಗಿಯರಿಗೆ ಆಥರ್ ಲಾಗಿನ್ ಕೊಟ್ಟರೆ ಅವರು ಎಷ್ಟು ಬೇಕಾದರೂ ಸುದ್ದಿ ಹಾಕಿಕೊಳ್ಳಲಿ, ಪೂಜೆಯ ಸಮಯ ಕೆಡುವ ಭಯವಿಲ್ಲ. ನಾನು ಮೊದಲು ಎಲ್ಲರಿಗೂ ಅಡ್ಮಿನ್ ಕೊಟ್ಟಿದ್ದೆ. ಅದರ ಕಥೆ ಬೇಡ ಬಿಡಿ.

ಮುಖಪುಟಕ್ಕೂ ಒಂದು ಆಯ್ಕೆ ಮಾಡಬೇಕು. ಸೆಟ್ಟಿಂಗ್ಸ್‌ನ ರೀಡಿಂಗ್ ಅನ್ನುವಲ್ಲಿ, ಮುಖಪುಟದಲ್ಲಿ ಹೊಸ ಪೋಸ್ಟುಗಳು ಕಾಣಲಾ ಇಲ್ಲಾ ಒಂದು ಸ್ಥಿರ ಪುಟ ಕಾಣಲಾ ಅಂತ ಕೇಳುತ್ತದೆ. ಚರ್ಚಿಗೆ ಸ್ಥಿರ ಪುಟವೇ ಸರಿ. ಇಲ್ಲದಿದ್ದರೆ ಮೊದಲ ಸಲ ಬಂದವರಿಗೆ ಎದುರಾಗುವುದು ಯಾರದೋ ಮರಣದ ಸುದ್ದಿಯೋ ಹೌಸಿಯ ಫಲಿತಾಂಶವೋ ಆಗಿರುತ್ತದೆ. ಸುದ್ದಿಗೆ ಅಂತ ಇನ್ನೊಂದು ಖಾಲಿ ಪುಟ ಮಾಡಿ, ಅದನ್ನು ಅಲ್ಲೇ ಪೋಸ್ಟುಗಳ ಪುಟ ಅಂತ ಆರಿಸಿ. ಆ ಪುಟದೊಳಗೆ ನೀವು ಏನಾದರೂ ಬರೆದರೆ ಅದು ಸಾಮಾನ್ಯವಾಗಿ ಹೊರಗೆ ಕಾಣುವುದೇ ಇಲ್ಲ. ನಾನು ಸ್ವಾಗತದ ಮಾತು ಬರೆದು ಬರೆದು ಸೇವ್ ಮಾಡಿ, ಎಲ್ಲಿ ಹೋಯಿತು ಅಂತ ಒಂದು ಸಂಜೆ ಪೂರ್ತಿ ಹುಡುಕಿದ್ದೇನೆ.

ಮುಖಪುಟದಲ್ಲಿ ಓಡುವ ಫೋಟೋಗಳ ಸಾಲು ಬೇಡ. ಐದು ಫೋಟೋ, ಒಂದೊಂದು ನಾಲ್ಕು ಎಂಬಿ, ನಮ್ಮ ಮಳೆಗಾಲದ ನೆಟ್‌ವರ್ಕ್. ಕರೆಂಟ್ ಹೋದ ಮೇಲೆ ಟವರ್ ಕೂಡ ಹೋಗುವ ಊರುಗಳು ನಮ್ಮವು. ಒಂದು ಫೋಟೋ ಸಾಕು, ಅದನ್ನೂ ಇನ್ನೂರು ಕೆಬಿಯೊಳಗೆ ಇಳಿಸಿ ಹಾಕಿ. ಭಾನುವಾರದ ಸಮಯ, ಫೋನ್ ನಂಬರ್, ದಾರಿ, ಈ ಮೂರು ಕೆಳಗೆ ಸರಿಸದೇ ಕಾಣಬೇಕು.

ಪೂಜೆಯ ಸಮಯ: ನಾಲ್ಕು ದಾರಿ

ವೆಬ್‌ಸೈಟಿಗೆ ಬರುವವರಲ್ಲಿ ಹೆಚ್ಚಿನವರು ಬರುವುದು ಇದೊಂದಕ್ಕೇ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲನೆಯದು ಎಲ್ಲರೂ ಮಾಡುವುದು, ವಾಟ್ಸಾಪ್‌ನಲ್ಲಿ ಬಂದ ಪೋಸ್ಟರನ್ನೇ ತಂದು ಅಂಟಿಸುವುದು. ನೋಡಲು ಚೆಂದ, ಕೆಲಸ ಅರ್ಧ ನಿಮಿಷ. ಆದರೆ ಚಿತ್ರದೊಳಗಿನ ಅಕ್ಷರಗಳನ್ನು ನಂಬಿ ಗೂಗಲ್ ನಿಮ್ಮ ಸಮಯವನ್ನು ಹುಡುಕುವವರಿಗೆ ತೋರಿಸುತ್ತದೆ ಅಂತ ಕೂರಬೇಡಿ. ಕಣ್ಣು ಕಾಣದವರ ಫೋನಿನಲ್ಲಿ ಪುಟ ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಅದು ಹೆಚ್ಚಾಗಿ ಬರೀ ಒಂದು ಚಿತ್ರ. ಒಂದು ಸಮಯ ಬದಲಾದರೆ ಪೋಸ್ಟರ್ ಮಾಡಿದ ಹುಡುಗನನ್ನೇ ಹುಡುಕಬೇಕು, ಅವನು ಮಂಗಳೂರಿಗೆ ಓದಲು ಹೋಗಿರುತ್ತಾನೆ.

ಎರಡನೆಯದು ಪಿಡಿಎಫ್. ಪ್ರಿಂಟ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಲು ಒಳ್ಳೆಯದು. ಫೋನಿನಲ್ಲಿ ಓದಲು ಹಿಂಸೆ. ಮುಂದಕ್ಕೆ ಹೋಗೋಣ.

ಮೂರನೆಯದು ಸುಮ್ನೆ ಅಕ್ಷರದಲ್ಲಿ ಬರೆಯುವುದು. ಭಾನುವಾರ ಇಷ್ಟು ಗಂಟೆಗೆ ಕನ್ನಡ, ಇಷ್ಟಕ್ಕೆ ಕೊಂಕಣಿ, ವಾರದ ದಿನ ಇಷ್ಟಕ್ಕೆ. ಇದಕ್ಕಿಂತ ಬೇಗ ತೆರೆಯುವುದು ಬೇರೆ ಇಲ್ಲ, ಗೂಗಲ್‌ಗೂ ಸಿಗುತ್ತದೆ. ಕೋಷ್ಟಕ ಮಾಡುವುದಾದರೆ ಎರಡು ಕಾಲಂ ಸಾಕು, ನಾಲ್ಕಾದರೆ ಫೋನಿನ ಅಂಚಿನಿಂದ ಹೊರಗೆ ಚೆಲ್ಲುತ್ತದೆ.

ನಾಲ್ಕನೆಯದು ಗೂಗಲ್ ಕ್ಯಾಲೆಂಡರ್ ಮಾಡಿ ಅದನ್ನು ಪುಟದೊಳಗೆ ಎಂಬೆಡ್ ಮಾಡುವುದು, ಅಂದರೆ ಪುಟದಲ್ಲೇ ಕಾಣುವ ಹಾಗೆ ಕೂರಿಸುವುದು. ನಮ್ಮ ಕಡೆ ಇದು ನಿಜವಾಗಿ ಕೆಲಸಕ್ಕೆ ಬರುವುದು ಉಪಕೇಂದ್ರಗಳಿಗೆ. ತೋಟದ ಲೈನ್ ಮನೆಗಳ ಹತ್ತಿರದ ಸಣ್ಣ ಪ್ರಾರ್ಥನಾ ಮಂದಿರಗಳಲ್ಲಿ ಪ್ರತಿವಾರ ಪೂಜೆ ಇರುವುದಿಲ್ಲ, ಒಂದು ಕಡೆ ಎರಡನೇ ಭಾನುವಾರ, ಇನ್ನೊಂದು ಕಡೆ ನಾಲ್ಕನೇ ಭಾನುವಾರ ಅಂತ ಇರುತ್ತದೆ. ಕ್ಯಾಲೆಂಡರಿನಲ್ಲಿ ತಿಂಗಳ ಎರಡನೇ ಭಾನುವಾರ ಅಂತ ಒಮ್ಮೆ ಹೇಳಿದರೆ ಸಾಕು, ತಾನೇ ಬರುತ್ತಿರುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳ ಶಿಲುಬೆಯ ಹಾದಿ ಪ್ರಾರ್ಥನೆಗೆ ಪ್ರತಿವಾರ ಅಂತ ಕೊಟ್ಟು ಮುಗಿಯುವ ತಾರೀಕನ್ನೂ ಕೊಟ್ಟುಬಿಡಿ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಪ್ರತಿವರ್ಷ ಅಂತ ಕೊಡಬಹುದು. ಈಸ್ಟರಿಗೆ ಮಾತ್ರ ಹಾಗೆ ಕೊಡಬೇಡಿ, ಅದು 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಭಸ್ಮ ಬುಧವಾರ, ಗರಿಗಳ ಭಾನುವಾರ ಎಲ್ಲ ಅದರ ಹಿಂದೆಯೇ ಓಡಾಡುತ್ತವೆ.

ಕ್ಯಾಲೆಂಡರ್ ಹಾಕುವವರು ನಾಲ್ಕು ಕಡೆ ಎಡವುತ್ತಾರೆ, ನಾನೂ ನಾಲ್ಕೂ ಕಡೆ ಎಡವಿದ್ದೇನೆ. ಸಾರ್ವಜನಿಕ ಅನ್ನುವ ಗುರುತು ಹಾಕದಿದ್ದರೆ ನಿಮಗೆ ಮಾತ್ರ ಕಾಣುತ್ತದೆ, ನೀವು ಎಲ್ಲ ಸರಿ ಇದೆ ಅಂದುಕೊಂಡಿರುತ್ತೀರಿ, ಬೇರೆಯವರಿಗೆ ಖಾಲಿ ಚೌಕ. ಎಂಬೆಡ್ ಮಾಡುವಾಗ ಟೈಮ್ ಝೋನ್ ಭಾರತದ್ದೇ ಇದೆಯಾ ಅಂತ ನೋಡಿ. ತಿಂಗಳ ಚೌಕಗಳ ನೋಟದ ಬದಲು ಸಾಲುಸಾಲಾಗಿ ಬರುವ ಶೆಡ್ಯೂಲ್ ನೋಟ ಆರಿಸಿ, ಫೋನಿನಲ್ಲಿ ಓದಲು ಆಗುವುದು ಅದೊಂದೇ. ಕೊನೆಯದು ಒಂದು ದಿನದ ಸಮಯ ಬದಲಾಯಿಸುವಾಗ. ಇದೊಂದಕ್ಕೆ ಮಾತ್ರವಾ, ಇಲ್ಲಿಂದ ಮುಂದಕ್ಕಾ, ಎಲ್ಲಕ್ಕೂನಾ ಅಂತ ಅದು ಕೇಳುತ್ತದೆ. ಅವಸರದಲ್ಲಿ ಎಲ್ಲಕ್ಕೂ ಅಂತ ಒತ್ತಿದರೆ ಇಡೀ ವರ್ಷದ ಪೂಜೆ ಸಂಜೆಗೆ ಹೋಗುತ್ತದೆ.

ಹಾಗಾದರೆ ಯಾವುದು? ನಾನು ಎರಡು ಇಟ್ಟುಕೊಂಡಿದ್ದೇನೆ. ಮಾಮೂಲಿ ಸಮಯ ಅಕ್ಷರದಲ್ಲಿ, ಸ್ಥಿರ ಪುಟದಲ್ಲಿ. ಅದನ್ನು ಹಬ್ಬಕ್ಕೂ ಮುಟ್ಟುವುದಿಲ್ಲ, ಫಾದರ್ ಹೇಳಿದರೂ ಮುಟ್ಟುವುದಿಲ್ಲ. ಹಬ್ಬ, ಉಪಕೇಂದ್ರ, ಬದಲಾದ ದಿನ ಎಲ್ಲವೂ ಅದೇ ಪುಟದಲ್ಲಿ ಕೆಳಗಿರುವ ಕ್ಯಾಲೆಂಡರಿನಲ್ಲಿ. ಕ್ರಿಸ್ಮಸ್ ವಾರ ಮುಗಿದ ಮೇಲೆ ಕ್ಯಾಲೆಂಡರ್ ತಾನೇ ಮುಂದಕ್ಕೆ ಹೋಗುತ್ತದೆ, ವಾಪಸ್ ತಿದ್ದುವ ಕೆಲಸವೇ ಉಳಿಯುವುದಿಲ್ಲ. ಆ ಅಜ್ಜಿ ಇನ್ನೊಮ್ಮೆ ಬರಲಿ ಅಂತ ಕಾಯುತ್ತಿದ್ದೇನೆ. ಮನೆಗಳಲ್ಲಿ ನಡೆಯುವ ವಾರ್ಡ್ ಪ್ರಾರ್ಥನೆಯ ವಿಳಾಸವನ್ನು ಮಾತ್ರ ಈ ಕ್ಯಾಲೆಂಡರಿಗೆ ಹಾಕಬೇಡಿ. ಇಂಥ ದಿನ ಇಂಥ ಮನೆಯವರೆಲ್ಲ ಎಲ್ಲಿರುತ್ತಾರೆ ಅಂತ ಊರಿಗೆಲ್ಲ ಹೇಳಿದ ಹಾಗೆ ಆಗುತ್ತದೆ. ಅದು ವಾರ್ಡಿನ ಮುಖಂಡರಾದ ಗುರ್ಕಾರರ ವಾಟ್ಸಾಪ್ ಗುಂಪಿನಲ್ಲೇ ಇರಲಿ.

ಹಬ್ಬದ ಪುಟ: ಪ್ರತಿವರ್ಷ ಹೊಸದಾ, ಒಂದೇ ಸಾಕಾ?

ತೆನೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ಆಗಸ್ಟ್ 30ಕ್ಕೆ ಶುರು. ಮೊದಲು ನಾನು ಪ್ರತಿವರ್ಷ ಹೊಸ ಪುಟ ಮಾಡುತ್ತಿದ್ದೆ, ವಿಳಾಸದಲ್ಲಿ ಇಸವಿ ಸೇರಿಸಿ. ಆಮೇಲೆ ನೋಡಿದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಎರಡು ವರ್ಷದ ಹಿಂದಿನ ಪುಟ ಸಿಗುತ್ತಿತ್ತು, ವಾಟ್ಸಾಪ್‌ನಲ್ಲೂ ಹಳೇ ಲಿಂಕೇ ಸುತ್ತುತ್ತಿತ್ತು. ಈಗ ಒಂದೇ ಪುಟ, ವಿಳಾಸದಲ್ಲಿ ಇಸವಿ ಇಲ್ಲ. ಒಳಗಿನ ಕಾರ್ಯಕ್ರಮವನ್ನು ಮಾತ್ರ ಪ್ರತಿವರ್ಷ ಬದಲಾಯಿಸುತ್ತೇನೆ. ಹಬ್ಬ ಮುಗಿದ ಮೇಲೆ ಫೋಟೋ, ವರದಿ ಎಲ್ಲ ತಾರೀಕಿನ ಜೊತೆ ಒಂದು ಪೋಸ್ಟಿಗೆ ಹೋಗುತ್ತದೆ. ಯಾರು ಎಷ್ಟು ವರ್ಷದ ಹಿಂದಿನ ಲಿಂಕ್ ಒತ್ತಿದರೂ ಈ ವರ್ಷದ ನೊವೆನಾಕ್ಕೇ ಬರುತ್ತಾರೆ.

ವಿಳಾಸದ ಮಾತು ಬಂತಲ್ಲ. ಶೀರ್ಷಿಕೆ ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಖುಷಿ. ಆದರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಅದು ಶೇಕಡಾ ಗುರುತುಗಳ ಉದ್ದ ರೈಲಾಗಿಬಿಡುತ್ತದೆ. ಒಂದೊಂದು ಕನ್ನಡ ಗುರುತಿಗೆ ಒಂಬತ್ತು ಅಕ್ಷರ, ಒತ್ತು, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. ತೆನೆಹಬ್ಬ ಅನ್ನುವ ನಾಲ್ಕಕ್ಷರಕ್ಕೇ 72 ಆಗುತ್ತದೆ. ವರ್ಡ್‌ಪ್ರೆಸ್ ಈ ಜಾಗದಲ್ಲಿ ಇಟ್ಟುಕೊಳ್ಳುವುದೇ 200, ಹಾಗಾಗಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸದ ಆ ತುಂಡನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಪ್ರಕಟಿಸುವ ಮುಂಚೆ ಮಾಡಿ, ಆಮೇಲೆ ಬದಲಾಯಿಸುತ್ತಾ ಕೂತರೆ ಹಂಚಿದ ಲಿಂಕುಗಳಿಗೆ ಏನಾಗುತ್ತದೋ ಅಂತ ತಲೆಬಿಸಿ.

ಪ್ರಸಂಗ: ವಿಡಿಯೋ, ಆಡಿಯೋ, ಬರಹ

ಫಾದರ್‌ಗೆ ತಮ್ಮ ಪ್ರಸಂಗದ, ಅಂದರೆ ಪೂಜೆಯಲ್ಲಿ ಮಾಡುವ ಉಪದೇಶದ, ವಿಡಿಯೋ ಇಷ್ಟ, ಎಲ್ಲ ಫಾದರ್‌ಗಳಿಗೂ. ಹಾಕಿ, ಆದರೆ ಯೂಟ್ಯೂಬಿಗೆ ಹಾಕಿ ಅಲ್ಲಿಂದ ಪುಟಕ್ಕೆ ಎಂಬೆಡ್ ಮಾಡಿ. ಸೀದಾ ನಿಮ್ಮ ಹೋಸ್ಟಿಂಗಿಗೇ ವಿಡಿಯೋ ಏರಿಸಿದರೆ ಜಾಗ ತುಂಬುತ್ತದೆ, ಹಬ್ಬದ ದಿನ ನೂರು ಜನ ಒಟ್ಟಿಗೆ ನೋಡಿದರೆ ಇಡೀ ಸೈಟ್ ಮಲಗುತ್ತದೆ. ಲೈವ್ ಮಾಡುವ ಆಸೆ ಇದ್ದರೆ ಹಬ್ಬದ ಹಿಂದಿನ ರಾತ್ರಿ ಶುರು ಮಾಡಬೇಡಿ. ಫೋನಿನಿಂದ ಲೈವ್ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಇರಬೇಕು, ಮೊದಲ ಸಲ ಲೈವ್ ಚಾಲೂ ಆಗಲು 24 ಗಂಟೆಯವರೆಗೆ ಹಿಡಿಯಬಹುದು. ಗಾಯನ ವೃಂದದವರು ಹಾಡುವ ಬದಲು ಯಾವುದೋ ಸಿಡಿಯ ಹಾಡು ಹಿಂದೆ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬಂದು ಧ್ವನಿ ಹೋಗುವುದೂ ಉಂಟು.

ಕೇಳುವವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಹತ್ತು ನಿಮಿಷದ ಪ್ರಸಂಗದ ಆಡಿಯೋ, 64 ಕೆಬಿಪಿಎಸ್‌ನಲ್ಲಿ, ಸುಮಾರು ಐದು ಎಂಬಿ. ಮಾತಿಗೆ ಅಷ್ಟು ಗುಣಮಟ್ಟ ಧಾರಾಳ. ಅದೇ ಪ್ರಸಂಗ ಬರಹದಲ್ಲಿ ಹದಿನೈದಿಪ್ಪತ್ತು ಕೆಬಿ. ಗುಡ್ಡ ಹತ್ತಿ ಒಂದು ಗೆರೆ ಸಿಗ್ನಲ್ ಹಿಡಿಯುವ ತೋಟದ ಲೆಕ್ಕ ಬರೆಯುವ ರೈಟರಿಗೆ ಯಾವುದು ಓಡುತ್ತದೆ ನೀವೇ ಹೇಳಿ. ನಮ್ಮಲ್ಲಿ ಪ್ರತಿ ಪ್ರಸಂಗವೂ ಒಂದು ಪೋಸ್ಟ್. ಮೇಲೆ ನಾಲ್ಕು ಸಾಲು ಸಾರಾಂಶ, ಕೆಳಗೆ ಆಡಿಯೋ, ವಿಡಿಯೋ ಇದ್ದರೆ ಅದರ ಲಿಂಕ್. ಪ್ರಸಂಗ ಅನ್ನುವ ವಿಭಾಗ ಮಾಡಿ ಆ ವಿಭಾಗವನ್ನೇ ಮೆನುವಿಗೆ ಸೇರಿಸಿದ್ದೇವೆ, ಬೇರೆ ಪುಟ ಬೇಕಾಗಿಲ್ಲ.

ಅರ್ಜಿಗಳು

ಹಳೇ ಊರಿನ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕು ಅಂತ ದುಬೈನಿಂದ, ಪುಣೆಯಿಂದ ಫೋನ್ ಬರುತ್ತಲೇ ಇರುತ್ತದೆ. ಮದುವೆಗೆ ಆರು ತಿಂಗಳೊಳಗೆ ಕೊಟ್ಟ ಪ್ರಮಾಣಪತ್ರ ಕೇಳುವುದರಿಂದ ಒಮ್ಮೆ ತೆಗೆದುಕೊಂಡು ಹೋದವರೂ ಮತ್ತೆ ಬರುತ್ತಾರೆ. ಇದಕ್ಕೆ ಗೂಗಲ್ ಫಾರ್ಮ್ ಅಥವಾ ವರ್ಡ್‌ಪ್ರೆಸ್‌ನ ಸಂಪರ್ಕ ಫಾರ್ಮ್, ಎರಡರಲ್ಲಿ ಒಂದು. ನನ್ನ ಮತ ಗೂಗಲ್ ಫಾರ್ಮಿಗೆ. ಬಂದದ್ದೆಲ್ಲ ಶೀಟಿನಲ್ಲಿ ಸಾಲಾಗಿ ಕೂರುತ್ತದೆ, ಆಫೀಸಿನ ಸಿಸ್ಟರ್ ಒಂದೊಂದಾಗಿ ಗುರುತು ಹಾಕಿಕೊಂಡು ಹೋಗುತ್ತಾರೆ. ಸಂಪರ್ಕ ಫಾರ್ಮ್ ಪುಟದೊಳಗೆ ಚೆನ್ನಾಗಿ ಕೂರುತ್ತದೆ ನಿಜ, ಆದರೆ ಮೇಲ್ ಕಳಿಸುವ ವ್ಯವಸ್ಥೆಯಾದ ಎಸ್‌ಎಂಟಿಪಿ ಸರಿಯಾಗಿ ಜೋಡಿಸದಿದ್ದರೆ ಅದು ಕಳಿಸುವ ಮೇಲ್ ಸ್ಪ್ಯಾಮಿಗೆ ಹೋಗುತ್ತದೆ. ನಮ್ಮ ಚರ್ಚಿಗೆ ಯಾರೂ ಬರೆಯುವುದಿಲ್ಲ ಅಂತ ಐದು ತಿಂಗಳು ಅಂದುಕೊಂಡಿದ್ದೆವು.

ಫಾರ್ಮಿನಲ್ಲಿ ಹೆಸರು, ತಂದೆ ತಾಯಿಯ ಹೆಸರು, ಅಂದಾಜು ಇಸವಿ, ಫೋನ್ ಇಷ್ಟು ಸಾಕು. ಆಧಾರ್ ಫೋಟೋ ಏರಿಸಿ ಅಂತ ಕೇಳಬೇಡಿ. ಕೇಳಬಾರದು ಅನ್ನುವುದು ಒಂದು, ಗೂಗಲ್ ಫಾರ್ಮಿಗೆ ಫೈಲ್ ಏರಿಸಲು ಅವರು ಗೂಗಲ್ ಖಾತೆಯಲ್ಲಿ ಲಾಗಿನ್ ಆಗಲೇಬೇಕು ಅನ್ನುವುದು ಇನ್ನೊಂದು, ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಗುರುತಿನ ಚೀಟಿಯನ್ನು ಪ್ರಮಾಣಪತ್ರ ತೆಗೆದುಕೊಳ್ಳುವಾಗ ತೋರಿಸಲಿ. ಮದುವೆಯ ಅರ್ಜಿಯನ್ನು ಆನ್‌ಲೈನ್ ಮಾಡಬೇಡಿ. ಬೇಕಾದ ಕಾಗದಗಳ ಪಟ್ಟಿ ಪುಟದಲ್ಲಿ ಇರಲಿ, ಹುಡುಗ ಹುಡುಗಿ ಬಂದು ಫಾದರ್ ಎದುರು ಕೂರಲಿ.

ಬೀಗ ಹಾಕಿದ ಪುಟಗಳು

ಕುಟುಂಬಗಳ ಪಟ್ಟಿ, ಫೋನ್ ನಂಬರ್, ವಾರ್ಡಿನ ವಂತಿಗೆ ಬಾಕಿ. ಪಾಸ್‌ವರ್ಡ್ ಹಾಕಿ ವೆಬ್‌ಸೈಟಿನಲ್ಲೇ ಇಡೋಣ ಅಂತ ಪ್ರತಿ ಪರಿಷತ್ ಸಭೆಯಲ್ಲೂ ಒಬ್ಬರು ಹೇಳುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಎರಡು ದಾರಿ. ಪ್ರೈವೇಟ್ ಅಂತ ಕೊಟ್ಟರೆ ಲಾಗಿನ್ ಇರುವ ಅಡ್ಮಿನ್, ಎಡಿಟರ್‌ಗಳಿಗೆ ಮಾತ್ರ ಕಾಣುತ್ತದೆ. ಪಾಸ್‌ವರ್ಡ್ ಕೊಟ್ಟರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದು ಭಾನುವಾರ ಬೆಳಿಗ್ಗೆ ಹೇಳಿದರೆ ಸಂಜೆಗೆ ಊರಿಗೆಲ್ಲ ಗೊತ್ತು. ಪುಟದ ಹೆಸರು ಹೊರಗೆ ಕಾಣುತ್ತಲೇ ಇರುತ್ತದೆ. ಪುಟದೊಳಗೆ ಹಾಕಿದ ಫೋಟೋ, ಪಿಡಿಎಫ್‌ಗಳ ನೇರ ವಿಳಾಸ ಸಿಕ್ಕಿದವರಿಗೆ ಪಾಸ್‌ವರ್ಡೇ ಬೇಡ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಗೂಗಲ್ ಶೀಟ್ ಮಾಡಿ ಇಂಥ ಇಂಥ ಇಮೇಲಿನವರಿಗೆ ಮಾತ್ರ ಅಂತ ಹಂಚುವುದು ಇದಕ್ಕಿಂತ ಭದ್ರ. ವಂತಿಗೆ ಬಾಕಿ ಅಂತೂ ಎಲ್ಲಿಯೂ ಬೇಡ, ಮರ್ಯಾದೆಯ ವಿಷಯ ಅಲ್ವಾ.

ಮಕ್ಕಳ ಫೋಟೋ ಇನ್ನೂ ಸೂಕ್ಷ್ಮ. ಪ್ರಥಮ ಪರಮಪ್ರಸಾದದ ದಿನ ಬಿಳಿ ಬಟ್ಟೆ ಹಾಕಿಕೊಂಡ ಮಕ್ಕಳ ಫೋಟೋ ಹಾಕಬೇಕು ಅಂತ ಎಲ್ಲರಿಗೂ ಆಸೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆ 18 ತುಂಬದವರ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ. ಧರ್ಮೋಪದೇಶದ ತರಗತಿಗೆ ಹೆಸರು ಬರೆಸುವಾಗಲೇ ಒಂದು ಸಾಲಿನ ಒಪ್ಪಿಗೆಗೆ ಸಹಿ ತೆಗೆದುಕೊಳ್ಳಿ. ಗುಂಪಿನ ಫೋಟೋ ಹಾಕಿ, ಹೆಸರು, ಶಾಲೆ, ತರಗತಿ ಕೆಳಗೆ ಬರೆಯಬೇಡಿ.

ಕಾಣಿಕೆಯ ಪುಟ

ಇದು ಸ್ಥಿರ ಪುಟವೇ, ಎಡಿಟರ್‌ಗಳು ಬಿಟ್ಟು ಯಾರೂ ಮುಟ್ಟಬಾರದು. ಕ್ಯೂಆರ್ ಮಾತ್ರ ಹಾಕಿ ಸುಮ್ಮನಾಗುತ್ತಾರೆ, ಆದರೆ ಫೋನಿನಲ್ಲೇ ಪುಟ ನೋಡುತ್ತಿರುವವರು ಅದೇ ಫೋನನ್ನು ಅದರ ಮುಂದೆಯೇ ಹೇಗೆ ಹಿಡಿಯುತ್ತಾರೆ? ಯುಪಿಐ ಐಡಿಯನ್ನು ಅಕ್ಷರದಲ್ಲೂ ಬರೆಯಿರಿ. ದುಡ್ಡು ಕಳಿಸುವಾಗ ಯಾವ ಹೆಸರು ಕಾಣಬೇಕು ಅನ್ನುವುದನ್ನೂ ಬರೆಯಿರಿ, ಬೇರೆ ಹೆಸರು ಕಂಡರೆ ಅವರು ನಿಲ್ಲಿಸಲಿ. ಆದಾಯ ತೆರಿಗೆ ಇಲಾಖೆಯ ಅನುಮೋದನೆ (80ಜಿ ಅನ್ನುತ್ತಾರೆ) ಇಲ್ಲದ ಚರ್ಚು, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಬರೆಯಬಾರದು.

ವಿದೇಶದ ದುಡ್ಡಿಗೆ ಬೇರೆ ಪುಟ ಬೇಕಾ ಅಂತ ಕೇಳುತ್ತಾರೆ. ಪುಟಕ್ಕಿಂತ ಮುಂಚೆ ನೋಂದಣಿ ಬೇಕು. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ಅನುಮತಿ ಇಲ್ಲದೆ ವಿದೇಶಿಯರಿಂದ ಕಾಣಿಕೆ ತೆಗೆದುಕೊಳ್ಳುವ ಹಾಗಿಲ್ಲ. ಅನುಮತಿ ಇದ್ದರೂ 2020ರ ತಿದ್ದುಪಡಿಯ ನಂತರ ಅದು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಕುವೈತಿನಲ್ಲಿ ದುಡಿಯುತ್ತಿರುವ ನಮ್ಮೂರ ಹುಡುಗ, ಭಾರತದ ಪಾಸ್‌ಪೋರ್ಟ್ ಇರುವವನು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಇದಕ್ಕೆ ಸೇರುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದ ಅವನ ಚಿಕ್ಕಪ್ಪ ಕಳಿಸಿದ್ದು ಸೇರುತ್ತದೆ. ಈ ಎರಡು ಸಾಲನ್ನು ಕಾಣಿಕೆಯ ಪುಟದಲ್ಲೇ ಬರೆದಿಟ್ಟರೆ ಖಜಾಂಚಿಯ ಅರ್ಧ ತಲೆನೋವು ಕಡಿಮೆ.

ಇತಿಹಾಸ, ಭಾಷೆ, ಮತ್ತೆ ನುಡಿ

ಇತಿಹಾಸವನ್ನು ಏಳೆಂಟು ಉಪಪುಟ ಮಾಡಿ ಹಂಚಬೇಡಿ, ಒಂದೇ ಉದ್ದ ಪುಟ ಸಾಕು, ಓದುವವರು ಓದುತ್ತಾರೆ. ಹಳೇ ದಾಖಲೆ ಹುಡುಕಿಕೊಂಡು ಬರುವವರಿಗಾಗಿ ಒಂದು ಮಾತು ಸೇರಿಸಿ: ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ವ್ಯಾಪ್ತಿ) ಆಗಿದ್ದು 1963ರಲ್ಲಿ, ಅದಕ್ಕೆ ಮುಂಚೆ ಈ ಊರುಗಳು ಮೈಸೂರಿಗೆ ಸೇರಿದ್ದವು. ಶಿವಮೊಗ್ಗ ಬೇರೆಯಾಗಿದ್ದು 1988ರಲ್ಲಿ.

ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರರಲ್ಲೂ ಇಡೀ ಸೈಟ್ ಮಾಡುತ್ತೇವೆ ಅಂತ ಹೊರಡುವವರು ಒಂದರಲ್ಲೂ ಮುಗಿಸುವುದಿಲ್ಲ. ಸಮಯ, ದಾರಿ, ಪ್ರಮಾಣಪತ್ರ, ಈ ಮೂರು ಪುಟ ಇಂಗ್ಲಿಷಿನಲ್ಲೂ ಇರಲಿ, ಹೋಂಸ್ಟೇಗೆ ಬಂದವರಿಗೆ ಬೇಕಾಗುತ್ತದೆ. ಉಳಿದದ್ದು ಕನ್ನಡದಲ್ಲಿ. ಕೊಂಕಣಿಯ ಪ್ರಕಟಣೆ ಬಂದರೆ ಕನ್ನಡ ಲಿಪಿಯಲ್ಲಿ ಹಾಗೇ ಪೋಸ್ಟ್ ಮಾಡುತ್ತೇವೆ.

ಪ್ರಕಟಣೆ ಟೈಪ್ ಮಾಡಿಕೊಡುವವರು ಹಳೇ ನುಡಿ, ಬರಹ ಫಾಂಟಿನಲ್ಲಿ ಕೊಟ್ಟರೆ ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಬಳಸಿ, ಆಮೇಲೆ ಒಮ್ಮೆ ಓದಿ ನೋಡಿ. ಅರ್ಕಾವೊತ್ತು ಇರುವ ಪದಗಳಲ್ಲಿ ಎಡವಟ್ಟು ಆಗುತ್ತದೆ.

ಇನ್ನು ನಮ್ಮ ಗುರುಗಳು ಅನ್ನುವ ಪುಟ. ಇದು ಸ್ಥಿರ ಅಂದುಕೊಂಡು ನಾನು ಫಾದರ್ ಹೆಸರು, ಮೊಬೈಲ್ ನಂಬರನ್ನು ಸಂಪರ್ಕ, ಮದುವೆ, ದೀಕ್ಷಾಸ್ನಾನ, ಕಾಣಿಕೆ ಅಂತ ಒಂಬತ್ತು ಪುಟದ ಕೆಳಗೆ ಟೈಪ್ ಮಾಡಿದ್ದೆ. ಅವರಿಗೆ ವರ್ಗ ಆಯಿತು. ಎಂಟು ಕಡೆ ತಿದ್ದಿದೆ. ಒಂಬತ್ತನೆಯದು ಎಲ್ಲಿದೆ ಅಂತ ಗೊತ್ತಾಗಿದ್ದು, ಹೊಸ ಊರಿನಲ್ಲಿದ್ದ ಹಳೇ ಫಾದರ್‌ಗೆ ಮದುವೆ ವಿಚಾರಿಸಿ ಫೋನ್ ಹೋಗಿ, ಅವರು ನನಗೆ ಫೋನ್ ಮಾಡಿದಾಗ. "ಏನಪ್ಪಾ, ನನ್ನನ್ನು ಇನ್ನೂ ಬಿಟ್ಟಿಲ್ವಾ?" ಅಂದರು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಸಿಂಕ್ಡ್ ಪ್ಯಾಟರ್ನ್ ಅಂತ ಇದೆ, 2023ರವರೆಗೆ ರೀಯೂಸಬಲ್ ಬ್ಲಾಕ್ ಅನ್ನುತ್ತಿದ್ದರು. ಹೆಸರು, ನಂಬರ್ ಇರುವ ಒಂದು ತುಂಡನ್ನು ಒಮ್ಮೆ ಮಾಡಿ ಒಂಬತ್ತೂ ಪುಟಕ್ಕೆ ಸೇರಿಸಿದರೆ, ಒಂದು ಕಡೆ ತಿದ್ದಿದ್ದು ಎಲ್ಲ ಕಡೆ ತಿದ್ದಿಕೊಳ್ಳುತ್ತದೆ. ಆ ತುಂಡಿನಲ್ಲಿ ಈಗ ಫಾದರ್ ಮೊಬೈಲ್ ಇಲ್ಲ, ಚರ್ಚ್ ಆಫೀಸಿನ ನಂಬರ್ ಇದೆ.